ದ್ರಾಕ್ಷಿ ತೋಟದ ಪ್ರವಾಸಕ್ಕೆ ಕೈಗೆಟುಕುವ ಕೋಣೆ ಹುಡುಕುವುದು ಹೇಗೆ?

ದಸರೆಗೆ ಬರುತ್ತೇವೆ, ಎಲ್ಲಾದರೂ ರೂಮು ನೋಡಿಕೊಡಿ ಎಂದು ಫೋನ್ ಮಾಡುವ ನೆಂಟರಿಗೆ ಮೈಸೂರಿನವರು ಏನು ಹೇಳುತ್ತೇವೆ? ‘ಅರಮನೆಯ ಸುತ್ತಮುತ್ತ ಹುಡುಕಬೇಡಿ, ಶ್ರೀರಂಗಪಟ್ಟಣದಲ್ಲೋ ಮಂಡ್ಯದಲ್ಲೋ ಉಳಿದುಕೊಳ್ಳಿ. ಜಂಬೂ ಸವಾರಿಯೇ ಬೇಕೆಂದಿಲ್ಲದಿದ್ದರೆ ನವರಾತ್ರಿಯ ಮೊದಲ ದಿನಗಳಲ್ಲೇ ಬಂದುಬಿಡಿ.’ ಊರವರಿಗೆ ಗೊತ್ತಿರುವ ಈ ಲೆಕ್ಕವನ್ನು ದ್ರಾಕ್ಷಿ ತೋಟಗಳಿಗೆ ಹೆಸರಾದ ಮಹಾರಾಷ್ಟ್ರದ ನಾಸಿಕ್‌ಗೆ ಹೊರಡುವಾಗ ನಾವೇ ಮರೆಯುತ್ತೇವೆ. ತೋಟದ ನಡುವಿನ ರೆಸಾರ್ಟ್‌ನ ಚಿತ್ರ ನೋಡುತ್ತೇವೆ, ಕೆಳಗಿನ ದರ ನೋಡುತ್ತೇವೆ, ಪ್ರವಾಸವನ್ನೇ ಕೈಬಿಡುತ್ತೇವೆ.

ಒಂದು ವೈನರಿ, ಅಂದರೆ ದ್ರಾಕ್ಷಿಯಿಂದ ವೈನ್ ತಯಾರಿಸುವ ಜಾಗ, ನೋಡಿದರೆ ಸಾಕು ಎನ್ನುವವರು ಅಷ್ಟು ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಬಳಿಯೇ ಒಂದಿದೆ. ಮಂಡ್ಯದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಕೋಣೆಯ ತಲೆನೋವು ಎದುರಾಗುವುದು ನಾಲ್ಕಾರು ತೋಟಗಳನ್ನು ನಿಧಾನವಾಗಿ ಸುತ್ತಬೇಕು ಎನ್ನುವವರಿಗೆ.

ಮೊದಲು ಕ್ಯಾಲೆಂಡರ್ ತೆರೆಯಿರಿ, ಹೋಟೆಲ್ ಆಮೇಲೆ. ನಾಸಿಕ್‌ನಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಗೊಂಚಲು ನೋಡಬೇಕೆಂದರೆ ಆಗಲೇ ಹೋಗಬೇಕು, ದರವೂ ಆಗಲೇ ಏರಿರುತ್ತದೆ. ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸುತ್ತಾರೆ. ನಮ್ಮ ವಿಜಯಪುರದ ಬೆಳೆಗಾರರು ಇದನ್ನೇ ‘ಚಾಟನಿ’ ಎನ್ನುವುದು. ಆ ಸಮಯದಲ್ಲಿ ಹೋದರೆ ಬೋಳು ಬಳ್ಳಿ, ಸುಡುವ ಬಿಸಿಲು. ಮಳೆಗಾಲದಲ್ಲಿ ಹಣ್ಣಿಲ್ಲ, ಆದರೆ ಸುತ್ತಲ ಬೆಟ್ಟಗಳು ಹಸಿರಾಗಿರುತ್ತವೆ. ದ್ರಾಕ್ಷಿಗಿಂತ ಊರು ಸುತ್ತುವುದೇ ಮುಖ್ಯ ಎನ್ನುವವರಿಗೆ ನಾನು ಆ ಕಾಲವನ್ನೇ ಹೇಳುತ್ತೇನೆ.

ತಿಂಗಳಿಗಿಂತಲೂ ದರವನ್ನು ಹೆಚ್ಚು ಕುಣಿಸುವುದು ವಾರ. ಮುಂಬೈಯಿಂದ ನಾಸಿಕ್‌ಗೆ ರಸ್ತೆಯಲ್ಲಿ ಸುಮಾರು 170 ಕಿ.ಮೀ., ಪುಣೆಯಿಂದ 210. ಶುಕ್ರವಾರ ಸಂಜೆ ಅಲ್ಲಿಯವರ ಕಾರುಗಳು ಇತ್ತ ತಿರುಗಿದರೆ ಮತ್ತೆ ಭಾನುವಾರ ರಾತ್ರಿಯವರೆಗೆ ಚೌಕಾಸಿಗೆ ಅವಕಾಶವಿಲ್ಲ. ಸೋಮವಾರದಿಂದ ಗುರುವಾರದೊಳಗೆ ಎರಡು ರಾತ್ರಿ ಹೊಂದಿಸಿಕೊಳ್ಳಿ. ಇನ್ನು ಜನವರಿ 26ರ ರಜೆಯ ಆಸೆ ಬೇಡ. ಅಂದು ಮದ್ಯ ಮಾರಾಟ ನಿಷೇಧದ ದಿನ, ಅಷ್ಟು ದೂರ ಹೋಗಿ ದ್ರಾಕ್ಷಿ ರಸ ಕುಡಿದು ಬರಬೇಕಾದೀತು. ಆಗಸ್ಟ್ 15, ಅಕ್ಟೋಬರ್ 2ಕ್ಕೂ ಇದೇ ಮಾತು. 2027ರಲ್ಲಿ ನಾಸಿಕ್‌ನ ಸಿಂಹಸ್ಥ ಕುಂಭಮೇಳವಿದೆ. ಸ್ನಾನದ ದಿನಗಳಲ್ಲಿ ಭಕ್ತರಿಗೇ ಜಾಗ ಸಾಲದು.

ಎರಡನೆಯ ಕೆಲಸ, ದಿಕ್ಕು ತಿಳಿಯುವುದು. ಮೊದಲ ಸಲ ನಾನು ಎಡವಿದ್ದು ಇಲ್ಲೇ. ‘ನಾಸಿಕ್’ ಎಂದಿದ್ದನ್ನು ನಂಬಿ ಅಗ್ಗದ ಕೋಣೆಯೊಂದನ್ನು ಕಾಯ್ದಿರಿಸಿದೆ. ಅದು ಇದ್ದದ್ದು ನಾಸಿಕ್ ರೋಡ್ ರೈಲು ನಿಲ್ದಾಣದ ಹಿಂದೆ. ನಿಲ್ದಾಣ ಊರಿನ ಆಗ್ನೇಯಕ್ಕೆ, ಸುಲಾದಂಥ ಹೆಸರಾಂತ ವೈನರಿಗಳು ವಾಯವ್ಯಕ್ಕೆ, ಗಂಗಾಪುರ ಅಣೆಕಟ್ಟಿನ ಕಡೆಗೆ. ಕೋಣೆಯಲ್ಲಿ ಉಳಿಸಿದ ದುಡ್ಡು ಆಟೊಗಳಿಗೆ ಹೋಯಿತು, ಜೊತೆಗೆ ಹೆಂಡತಿಯ ಮಾತು ಬೇರೆ.

ಹಾಗಾಗಿ ಕಾಲೇಜು ರಸ್ತೆ, ಗಂಗಾಪುರ ರಸ್ತೆಯ ಆಸುಪಾಸಿನಲ್ಲಿ ಹುಡುಕಿ. ಊಟ, ಔಷಧಿ ಅಂಗಡಿ, ಆಟೊ ಎಲ್ಲವೂ ಹತ್ತಿರವಿದ್ದು ತೋಟಗಳ ದಾರಿಯೂ ಅದೇ. ಪಂಚವಟಿಯಲ್ಲಿ ಯಾತ್ರಿಕರ ಲಾಡ್ಜ್‌ಗಳು, ಧರ್ಮಶಾಲೆಗಳು ಇನ್ನೂ ಅಗ್ಗ. ಆದರೆ ಅದು ಗೋದಾವರಿಯ ದಡದ ತೀರ್ಥಕ್ಷೇತ್ರ. ವೈನ್ ಕುಡಿದು ಬಂದು ಧರ್ಮಶಾಲೆಯ ಬಾಗಿಲು ತಟ್ಟುವುದು ಸರಿಯಲ್ಲ. ತ್ರ್ಯಂಬಕೇಶ್ವರಕ್ಕೂ ಹೋಗುವವರಿದ್ದರೆ ದೇವರ ದಿನಗಳನ್ನು ಪಂಚವಟಿಯಲ್ಲಿ ಮುಗಿಸಿ ಆಮೇಲೆ ಕೋಣೆ ಬದಲಾಯಿಸಲಿ. ತೋಟದೊಳಗೇ ಮಲಗಬೇಕೆಂಬ ಆಸೆ ಬಲವಾಗಿದ್ದರೆ ವಾರದ ನಡುವೆ ಒಂದೇ ಒಂದು ರಾತ್ರಿ ಸಾಕು. ಬಳ್ಳಿಗಳನ್ನು ಹಗಲು ನೋಡಲು ಕೋಣೆ ಪಡೆಯಲೇಬೇಕೆಂದಿಲ್ಲ, ಕತ್ತಲಾದ ಮೇಲೆ ಅವು ಹೇಗೂ ಕಾಣುವುದಿಲ್ಲ.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಒಂದೊಂದು ಹೋಟೆಲಿನ ಹೆಸರಿನ ಮುಂದೆ ಕೋಣೆಯ ದರ, ತೆರಿಗೆ, ತಿಂಡಿ, ತೋಟಕ್ಕೆ ಹೋಗಿಬರುವ ಆಟೊ ಅಥವಾ ಟ್ಯಾಕ್ಸಿ ಬಾಡಿಗೆ, ಇಷ್ಟನ್ನೂ ಕೂಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಜಿಎಸ್‌ಟಿ ಶೇ 5 ಆಗಿದೆ. ಅಂದರೆ 3,000 ರೂಪಾಯಿಯ ಕೋಣೆಗೆ 150. ಹಳೆಯ ಶೇ 12ರ ಲೆಕ್ಕ ಹೇಳಿದರೆ ಕೇಳಿ, ಸಂಕೋಚ ಬೇಡ. ಕೂಡಿಸಿದ ಮೇಲೆ ನೋಡಿದರೆ ಅಗ್ಗದ್ದು ದುಬಾರಿಯಾಗಿ, ನಡುವಿನದ್ದು ಗೆದ್ದಿರುತ್ತದೆ.

ಆ್ಯಪ್‌ನಲ್ಲಿ ಎರಡು ಮೂರು ಹೋಟೆಲ್ ಆಯ್ದುಕೊಂಡ ಮೇಲೆ ನೇರವಾಗಿ ಅಲ್ಲಿಗೇ ಫೋನ್ ಮಾಡಿ. ಹರಕು ಮುರುಕು ಹಿಂದಿ ಸಾಕು. ಆ್ಯಪ್‌ನ ದರ ಹೇಳಿ, ನೇರವಾಗಿ ಬಂದರೆ ಎಷ್ಟು ಎಂದು ಕೇಳಿ. ಹಾಗೆಯೇ ಚೆಕ್ ಔಟ್ ಮಧ್ಯಾಹ್ನ 12ಕ್ಕೋ, 24 ಗಂಟೆಯ ಲೆಕ್ಕವೋ ತಿಳಿದುಕೊಳ್ಳಿ. ಇದು ನಮಗೆ ಮುಖ್ಯ, ಏಕೆಂದರೆ ನಾವು ಹೋಗುವುದು ರೈಲಿನಲ್ಲಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಮನ್ಮಾಡ್‌ನಲ್ಲಿ ಇಳಿದು, ಅಲ್ಲಿಂದ ನಾಸಿಕ್‌ಗೆ ಸುಮಾರು 70 ಕಿ.ಮೀ. ಬೇರೆ ರೈಲು ಹಿಡಿಯಬೇಕು. ಸಂಜೆ ತಲುಪಿದವರಿಗೆ 12ರ ಲೆಕ್ಕದಲ್ಲಿ ಅರ್ಧ ದಿನದ ಬಾಡಿಗೆ ದಂಡ. ಲಿಫ್ಟ್, ಬಿಸಿನೀರಿನ ಸಮಯ, ರದ್ದು ಮಾಡಿದರೆ ಹಣ ವಾಪಸ್ಸಾಗುವ ನಿಯಮ, ಇವನ್ನೂ ಕೇಳಿ, ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ವಿಮರ್ಶೆಗಳಲ್ಲಿ ಹೊಸದನ್ನು ಮೊದಲು ಓದಿ. ಹೋಟೆಲಿನವರು ಹಾಕಿದ ಚಿತ್ರ ಬಿಟ್ಟು, ಉಳಿದುಕೊಂಡವರು ತೆಗೆದ ಬಚ್ಚಲಿನ ಚಿತ್ರ ಹುಡುಕಿ.

ಹೊರಡುವ ದಿನ ಗುರುತಿನ ಚೀಟಿಯ ಮೂಲ ಪ್ರತಿ ಎಲ್ಲರ ಬಳಿಯೂ ಇರಲಿ. ತೋಟದಿಂದ ಸಂಜೆ ಹಿಂತಿರುಗುವ ವಾಹನವನ್ನು ಮಾತ್ರ ಬೆಳಿಗ್ಗೆಯೇ ಹೋಟೆಲಿನವರ ಮೂಲಕ ಗೊತ್ತುಮಾಡಿಕೊಳ್ಳಿ, ಕಾಯುವ ಬಾಡಿಗೆಯೂ ಸೇರಿ ಒಂದೇ ಮೊತ್ತ ಮಾತಾಡಿ. ಸ್ವಂತ ಕಾರು ತಂದವರೂ ಆ ಒಂದು ಸಂಜೆ ಅದನ್ನು ಹೋಟೆಲಿನಲ್ಲೇ ಬಿಟ್ಟು ಹೋಗಲಿ.