ಒಣಮೆಣಸಿನಕಾಯಿಯ ಲೆಕ್ಕ ಕೊನೆಗೂ ಕೂಡಿಬಂತು

ಸಿರುಗುಪ್ಪ, ರಾಯಚೂರು ಕಡೆಯ ಒಣಮೆಣಸಿನಕಾಯಿ ಚೀಲಗಳಿಂದ ತೆಗೆದದ್ದು 40 ಸ್ಯಾಂಪಲ್, ನೋಡಬೇಕಾಗಿದ್ದು ಇಥಿಯಾನ್ ಅನ್ನುವ ಕೀಟನಾಶಕ ಎಷ್ಟು ಉಳಿದಿದೆ, ಅದರಲ್ಲಿ ಎಷ್ಟು ನಮ್ಮ ಹೊಟ್ಟೆಗೆ ಹೋಗುತ್ತದೆ ಅಂತ. 28ಕ್ಕೆ ಬಿ.ಎಲ್.ಕ್ಯೂ. ಅಂತ ಬಂತು, ಅಂದರೆ ಯಂತ್ರ ಖಚಿತವಾಗಿ ಅಳೆಯಬಲ್ಲ ಮಟ್ಟಕ್ಕಿಂತ ಕಡಿಮೆ. ಉಳಿದ 12ರಲ್ಲಿ ಕೆ.ಜಿ.ಗೆ 0.06ರಿಂದ ಸುಮಾರು 0.7 ಮಿ.ಗ್ರಾಂ. ತನಕ. ಮೆಣಸಿನಕಾಯಿಯ ಬಣ್ಣ, ಎಣ್ಣೆ ಅಳತೆಯನ್ನು ಬಹಳ ಕಾಡುತ್ತವೆ, ಹಾಗಾಗಿ ಆ ಮಟ್ಟ, ಅಂದರೆ ಎಲ್.ಒ.ಕ್ಯೂ., 0.05ಕ್ಕಿಂತ ಕೆಳಗೆ ಇಳಿಯಲಿಲ್ಲ.

ಮೊದಲು ಎಲ್ಲರ ಹಾಗೆ ಆ 28ರ ಜಾಗದಲ್ಲಿ ಎಲ್.ಒ.ಕ್ಯೂ.ದ ಅರ್ಧವನ್ನು ತುಂಬಿದೆ. ನೂರಕ್ಕೆ 60ಕ್ಕಿಂತ ಹೆಚ್ಚು ಸ್ಯಾಂಪಲ್ ಹೀಗೆ ಬಂದರೆ ಅದು ಸಲ್ಲದು, ಗೊತ್ತಿದ್ದೂ ಮಾಡಿದೆ. ಆಮೇಲೆ ಅಂಕಿಅಂಶದ ಸಾಫ್ಟ್‌ವೇರ್ 'ಆರ್'ನಲ್ಲಿ 40ಕ್ಕೂ ಸೇರಿಸಿ ಸೆನ್ಸಾರ್ಡ್ ಲಾಗ್‌ನಾರ್ಮಲ್ ಕೂರಿಸಿದೆ, ಅಂದರೆ ಆ 28ನ್ನು '0.05ಕ್ಕಿಂತ ಕಡಿಮೆ' ಅಂತಷ್ಟೇ ಹೇಳಿ ಬಲಕ್ಕೆ ಉದ್ದ ಬಾಲವಿರುವ ಒಂದು ರೇಖೆ ಹೊಂದಿಸಿದೆ. ಅದರ ಹರವು ಹೇಳುವ ಸಿಗ್ಮಾ 1.8ರ ಹತ್ತಿರ. ಆ ರೇಖೆಯಿಂದ ಲಾಟರಿ ಹಾಗೆ ಅಂಕಿ ಎತ್ತುವ ಮಾಂಟೆ ಕಾರ್ಲೊವನ್ನು ಒಂದು ಲಕ್ಷ ಸಲ ಓಡಿಸಿದರೆ ಕೆ.ಜಿ.ಗೆ 45-50 ಮಿ.ಗ್ರಾಂ. ಇರುವ ಮೆಣಸಿನಕಾಯಿ ಹುಟ್ಟಿಕೊಂಡಿತು! ಬಾಟ್ಲಿ ಸಮೇತ ಅರೆದರೇ ಅಷ್ಟು ಬಂದೀತು.

ಅಸಲಿಗೆ ಆ 28ರಲ್ಲಿ ಎರಡು ಜಾತಿ ಬೆರೆತಿತ್ತು: ಹೊಡೆದಿದ್ದರೂ ಯಂತ್ರಕ್ಕೆ ಸಿಗದ್ದು ಒಂದು, ಇಥಿಯಾನ್ ಹೊಡೆಯದೇ ಇದ್ದದ್ದು ಇನ್ನೊಂದು. ಇದನ್ನು ಕಂಪ್ಯೂಟರ್ ಹೇಳುವುದಿಲ್ಲ, ಹೊಲ ಹೇಳುತ್ತದೆ. 'ಯಾವ ಎಣ್ಣಿ (ಕೀಟನಾಶಕ) ಹೊಡೆದ್ರಿ?' ಅಂತ ರೈತರನ್ನು ಕೇಳಿದರೆ 'ಅಂಗಡ್ಯಾವ ಕೊಟ್ಟದ್ದು' ಅನ್ನುತ್ತಾರೆ. ಹಾಗಾಗಿ ಕೇಳುವುದು ಬಿಟ್ಟು ಬದುವಿನ ಮೇಲೆ, ಪಂಪ್‌ಸೆಟ್ ಮನೆ ಹಿಂದೆ ಬಿದ್ದ ಖಾಲಿ ಬಾಟ್ಲಿಗಳ ಚೀಟಿ ಓದತೊಡಗಿದೆ. ಸುಮಾರು 50 ಹೊಲ ತಿರುಗಿದೆ, 20ರಲ್ಲಿ ಇಥಿಯಾನ್ ಬಾಟ್ಲಿ ಸಿಕ್ಕಿತು. ಔಷಧಿ ಅಂಗಡಿಯವರಿಂದಲೂ ಒಂದು ಲೆಕ್ಕ ಹೊರಡಿಸಿದೆ. ಅದು ಹೇಗೆ ಅಂತ ಇಲ್ಲಿ ಬರೆಯೋಲ್ಲ, ಬರೆದರೆ ಮುಂದಿನ ಸಲ ನನಗೇ ಚಹಾ ಸಿಗಲಿಕ್ಕಿಲ್ಲ.

50ರಲ್ಲಿ 30 ಹೊಲದಲ್ಲಿ ಬಾಟ್ಲಿ ಇರಲಿಲ್ಲವಲ್ಲ, ಹಾಗಾಗಿ ನೂರಕ್ಕೆ 60 ಪಾಲು ನಿಜವಾದ ಸೊನ್ನೆ ಅಂತ ಕಟ್ಟಿಹಾಕಿ ಉಳಿದದ್ದಕ್ಕೆ ಲಾಗ್‌ನಾರ್ಮಲ್ ಕೂರಿಸಿದಾಗ ಸಿಗ್ಮಾ 1ಕ್ಕೆ ಇಳಿಯಿತು. ಬಾಲದ ತುದಿ ಕೆ.ಜಿ.ಗೆ 6 ಮಿ.ಗ್ರಾಂ. ಆಸುಪಾಸಿಗೆ ನಿಂತಿತು. 'ಬಾಟ್ಲಿ ಎಣಿಸಿ ಅಂಕಿಅಂಶ ಮಾಡ್ತಾನೆ' ಅಂತ ಜೊತೆಯವರು ನಕ್ಕರು.

ಸರಿ, ಪಂದ್ಯ ಕಟ್ಟಿದೆ. ಫ್ರೀಜರಿನಲ್ಲಿ ಉಳಿದಿದ್ದ 20 ಬಿ.ಎಲ್.ಕ್ಯೂ. ಪುಡಿಗಳನ್ನು 0.01 ತನಕ ಇಳಿಯಬಲ್ಲ ಬೇರೆ ಲ್ಯಾಬಿಗೆ ಕಳಿಸಿದೆ. ಒಂದೇ ಔಷಧಿ ನೋಡಿ ಅಂದದ್ದಕ್ಕೆ ತಲಾ 2 ಸಾವಿರಕ್ಕೆ ಒಪ್ಪಿದರು. 40 ಸಾವಿರ, ಅರ್ಧಕ್ಕರ್ಧ ನನ್ನ ಜೇಬಿನದು. ಹಳೇ ಮಾಡೆಲ್ ಪ್ರಕಾರ 10ರಲ್ಲಿ ಸಿಗಬೇಕು, ನನ್ನ ಪ್ರಕಾರ 3ರಲ್ಲಿ. ಸಿಕ್ಕಿದ್ದು 4ರಲ್ಲಿ. ನಕ್ಕವರು ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ತಿನ್ನುವ ಲೆಕ್ಕದಲ್ಲೂ ಒಮ್ಮೆ ಎಡವಿದ್ದೆ. 'ನಿನ್ನೆ ಎಷ್ಟು ಖಾರ ತಿಂದ್ರಿ' ಅಂದರೆ ಯಾರು ಹೇಳುತ್ತಾರೆ? 'ವರ್ಷಕ್ಕೆ ಎಷ್ಟು ಕುಟ್ಟಿಸ್ತೀರಿ' ಅಂದರೆ ಥಟ್ಟನೆ ಉತ್ತರ: ಐದು ಜನರ ಮನೆಗೆ 10 ಕೆ.ಜಿ. ತಲೆಗೆ ದಿನಕ್ಕೆ ಐದೂವರೆ ಗ್ರಾಂ. ಆಗ ಹೊಳೆದದ್ದು ಇನ್ನೊಂದು: ಈ ಮನೆಗಳು ಒಂದೇ ಚೀಲದ ಖಾರವನ್ನು ವರ್ಷಪೂರ್ತಿ ತಿನ್ನುತ್ತವೆ. ಮಾಂಟೆ ಕಾರ್ಲೊದಲ್ಲಿ ದಿನಕ್ಕೊಂದು ಸ್ಯಾಂಪಲ್ ಎತ್ತಿದರೆ ಎಲ್ಲ ಸರಾಸರಿಯಲ್ಲಿ ಕರಗಿಹೋಗುತ್ತದೆ. ಮನೆಗೊಂದು ಸಲ ಎತ್ತಿ ಅದನ್ನೇ 365 ದಿನ ಇಟ್ಟೆ. ಇಥಿಯಾನ್‌ನ ಎ.ಡಿ.ಐ., ಅಂದರೆ ಜೀವನಪೂರ್ತಿ ದಿನಾ ತಿಂದರೂ ತೊಂದರೆ ಇಲ್ಲ ಅನ್ನುವ ಮಿತಿ, ದಿನಕ್ಕೆ ಕೆ.ಜಿ. ದೇಹತೂಕಕ್ಕೆ 0.002 ಮಿ.ಗ್ರಾಂ.; ಸಾಧಾರಣ ಮನೆ ಅದರಲ್ಲಿ ನೂರಕ್ಕೆ ಒಂದೂ ಮುಟ್ಟಲಿಲ್ಲ, ಕೆಟ್ಟ ಚೀಲ ಬಿದ್ದ ಮನೆ ನೂರಕ್ಕೆ ಎರಡು-ಮೂರು ಮುಟ್ಟಿತು. ಖಾರವೊಂದರಿಂದಲೇ ಅಷ್ಟು, ತರಕಾರಿ ಸೇರಿಸಿಲ್ಲ.

ನಡುವೆ ಇನ್ನೊಂದು ಹುಚ್ಚು. ಮನೆಯಲ್ಲಿ ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸಿ ಕುಟ್ಟಿಸುತ್ತಾರೆ, ಲ್ಯಾಬಿನಲ್ಲಿ ನಾವು ತುಂಬು ಸಮೇತ ಅರೆಯುತ್ತೇವೆ. ಮೂರು ಸ್ಯಾಂಪಲ್ ಎರಡೂ ಥರ ಮಾಡಿಸಿದೆ. ಎರಡರಲ್ಲಿ ತುಂಬು ಬಿಡಿಸಿದ್ದು ಹತ್ತಿಪ್ಪತ್ತು ಪರ್ಸೆಂಟ್ ಕಡಿಮೆ ಬಂತು, ಮೂರನೆಯದು ಉಲ್ಟಾ. ಮತ್ತೆ ಮಾಡಿಸೋಣ ಅಂದರೆ ಈ ವರ್ಷದ ದುಡ್ಡು ಖಾಲಿ.