ದಂತ ಇಂಪ್ಲಾಂಟ್‌ನ ಸ್ಕ್ರೂ ಜೋಡಣೆಯನ್ನು ಭದ್ರವಾಗಿ ವಿನ್ಯಾಸಗೊಳಿಸುವ ಬಗೆ
ದವಡೆಯ ಮೂಳೆಯಲ್ಲಿ ಕೂರುವ ಇಂಪ್ಲಾಂಟ್‌ಗೆ ಅಬಟ್‌ಮೆಂಟನ್ನು (ಕೃತಕ ಹಲ್ಲನ್ನು ಹೊರುವ ನಡುವಿನ ಭಾಗ) ಬಿಗಿಯುವ ಸ್ಕ್ರೂವನ್ನು ಮೊಳೆಯಂತೆ ಕಾಣದೆ, ಬಿಗಿದಾಗ ತುಸು ಹಿಗ್ಗಿ ಎರಡೂ ಭಾಗಗಳನ್ನು ಪರಸ್ಪರ ಒತ್ತಿ ಹಿಡಿಯುವ ಸ್ಪ್ರಿಂಗ್ ಎಂದು ಭಾವಿಸಿ ವಿನ್ಯಾಸವನ್ನು ಆರಂಭಿಸಬೇಕು. ಅಗಿಯುವಾಗ ಭಾಗಗಳನ್ನು ಬೇರ್ಪಡಿಸುವ ಬಲಕ್ಕಿಂತ ಈ ಒತ್ತುಬಲ ಹೆಚ್ಚಾಗಿರುವವರೆಗೆ ಜೋಡಣೆ ಸುಲಭವಾಗಿ ಸಡಿಲಗೊಳ್ಳದು.

ಮೊದಲು ನಿರ್ಧರಿಸಬೇಕಾದದ್ದು ಇಂಪ್ಲಾಂಟ್ ಮತ್ತು ಅಬಟ್‌ಮೆಂಟ್ ಕೂಡುವ ಸಂಧಿಯ ಆಕಾರ. ಬ್ರೋನೆಮಾರ್ಕ್ ಎಂಬ ಹಳೆಯ ಇಂಪ್ಲಾಂಟ್ ಮಾದರಿಯಲ್ಲಿ ಮೇಲ್ತುದಿಯಿಂದ ಹೊರಚಾಚುವ ಷಟ್ಕೋನದ ಎತ್ತರ ಕೇವಲ 0.7 ಮಿಲಿಮೀಟರ್ ಇದ್ದುದರಿಂದ ಪಾರ್ಶ್ವಬಲದ ಬಹುಪಾಲು ಸ್ಕ್ರೂವಿನ ಮೇಲೆಯೇ ಬೀಳುತ್ತಿತ್ತು; ಶಂಕುವಿನಾಕಾರದ ಒಳಸಂಧಿಯಲ್ಲಾದರೋ ಆ ಬಲವನ್ನು ಗೋಡೆಗಳೇ ಹೊರುತ್ತವೆ. ಒಂಟಿ ಹಲ್ಲಿಗೆ ನಾನು ಇದನ್ನೇ ಆರಿಸುತ್ತೇನೆ, ಆದರೆ ತಿರುಗುವಿಕೆಯನ್ನು ತಡೆಯುವ ಷಟ್ಕೋನವನ್ನು ಕೈಬಿಡಬಾರದು.

ತಿರುಚುಬಲದ ಹೆಚ್ಚಿನ ಪಾಲು ಘರ್ಷಣೆಯಲ್ಲೇ ವ್ಯಯವಾಗುವುದರಿಂದ, ಚಪ್ಪಟೆ ತಲೆ, ನುಣುಪಾದ ಎಳೆಗಳು ಮತ್ತು ಉದ್ದನೆಯ ಕಾಂಡವಿರುವ ಸ್ಕ್ರೂ ಮೇಲು. ಅನೇಕ ವ್ಯವಸ್ಥೆಗಳಲ್ಲಿ ಅಬಟ್‌ಮೆಂಟ್ ಸ್ಕ್ರೂವಿಗೆ 30ರಿಂದ 35 ನ್ಯೂಟನ್ ಸೆಂಟಿಮೀಟರ್ ತಿರುಚುಬಲವನ್ನು ಸೂಚಿಸಲಾಗುತ್ತದೆ. ಬಿಗಿದ ನಂತರ ಮೇಲ್ಮೈಯ ಸೂಕ್ಷ್ಮ ಉಬ್ಬುಗಳು ತಗ್ಗಿ ಬಿಗಿತ ಸ್ವಲ್ಪ ಕುಸಿಯುವುದರಿಂದ, ಸುಮಾರು 10 ನಿಮಿಷ ಬಿಟ್ಟು ಅದೇ ಬಲದಲ್ಲಿ ಮತ್ತೆ ಬಿಗಿಯಬೇಕೆಂದು ಬಳಕೆಯ ಸೂಚನೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಲವು ಇಂಪ್ಲಾಂಟ್‌ಗಳ ಮೇಲಿನ ಸೇತುವೆ (ಒಂದಕ್ಕೊಂದು ಜೋಡಿಸಿದ ಕೃತಕ ಹಲ್ಲುಗಳ ಸಾಲು) ಒತ್ತಾಯವಿಲ್ಲದೆ ತಾನಾಗಿ ಕೂರಬೇಕು. ಸ್ಕ್ರೂವಿನಿಂದ ಎಳೆದು ಕೂರಿಸಿದರೆ ಬಿಗಿತವು ಅಂತರವನ್ನು ಮುಚ್ಚುವುದಕ್ಕೇ ಖರ್ಚಾಗುತ್ತದೆ.

ಕೊನೆಯಲ್ಲಿ ದಂತ ಇಂಪ್ಲಾಂಟ್‌ಗಳ ದಣಿವು ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14801ರ ಪ್ರಕಾರ, 3 ಮಿಲಿಮೀಟರ್ ಮೂಳೆ ಕರಗಿದ ಸ್ಥಿತಿಯನ್ನು ಅನುಕರಿಸಿ, 30 ಡಿಗ್ರಿ ಓರೆಯಲ್ಲಿ ಆವರ್ತಬಲ ಹೇರಿ ದಣಿವು ಪರೀಕ್ಷೆ ನಡೆಸಬೇಕು. ಮುರಿಯುವುದಾದರೆ ಸ್ಕ್ರೂ ಮೊದಲು ಮುರಿಯುವಂತಿರಲಿ, ಏಕೆಂದರೆ ಮೂಳೆಯೊಳಗಿನ ಇಂಪ್ಲಾಂಟನ್ನು ಬದಲಿಸುವುದು ರೋಗಿಗೆ ಬಹಳ ಕಷ್ಟಕರ.