ಊರಿನವರೇ ನಮ್ಮ ಶಾಲೆಯ ಅತಿಥಿಗಳು

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿವರೆಗೆ ತೊಂಬತ್ತರ ಆಸುಪಾಸು ಮಕ್ಕಳಿದ್ದಾರೆ. ಶಾಲೆಗೆ ಅತಿಥಿಗಳು ಬರುತ್ತಾರೆ ಅಂದರೆ ಏನೇನು ನಡೆಯುತ್ತದೆ ಅಂತ ಈ ಕಡೆ ಪಾಠ ಮಾಡಿದವರಿಗೆಲ್ಲ ಗೊತ್ತು. ಶಾಮಿಯಾನ, ಸ್ವಾಗತ ಗೀತೆ, ಶಾಲು, ಹಾರ, ಮೈಸೂರು ಪೇಟ. ವೇದಿಕೆ ಮೇಲಿರುವ ಅಷ್ಟೂ ಜನರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದನೇ ತರಗತಿಯ ಅರ್ಧ ಮಕ್ಕಳು ‘ಮಿಸ್, ಒಂದಕ್ಕೆ’ ಅಂತ ಬೆರಳೆತ್ತಿರುತ್ತಾರೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಅದೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಊರಿನ ಹಿರಿಯರಿಗೂ ಒಂದು ಮರ್ಯಾದೆ ಸಲ್ಲಬೇಕಲ್ವಾ. ಆದರೆ ಉಳಿದ ದಿನಗಳಲ್ಲಿ ಬರುವ ಅತಿಥಿಗೆ ವೇದಿಕೆ ಬೇಡ, ಮೈಕೂ ಬೇಡ. ಅವರ ಕೈಗೆ ಗೊತ್ತಿರುವ ಒಂದು ಕೆಲಸ ಇದ್ದರೆ ಸಾಕು ಅಂತ ನಾವು ಶುರು ಮಾಡಿದೆವು.

ಮೊದಲು ಕರೆದವರು ನೀರುಗಂಟಿ ತಾತ. ನಮ್ಮೂರಿನದು ವಿಶ್ವೇಶ್ವರಯ್ಯ ನಾಲೆಯ ಬಯಲು. ಹಳಬರ ಬಾಯಲ್ಲಿ ಅದು ಇನ್ನೂ ಇರ್ವಿನ್ ನಾಲೆ. ಕೆಆರ್‌ಎಸ್ ತುಂಬಿದರೆ 124.80 ಅಡಿ ಅನ್ನುವುದು ಇಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ಮನೆಯಲ್ಲಿ ಟಿವಿ ಹಾಕಿದರೂ ಅದೇ, ಟೀ ಅಂಗಡಿಗೆ ಹೋದರೂ ಅದೇ. ಆದರೆ ಅಲ್ಲಿ ತುಂಬಿದ ನೀರು ನಮ್ಮ ಗದ್ದೆಗೆ ಹೇಗೆ ಬರುತ್ತದೆ ಅಂದರೆ ‘ನಾಲೇಲಿ ಬರ್ತದೆ ಮಿಸ್’ ಅನ್ನುವಲ್ಲಿಗೆ ಮುಗಿಯುತ್ತಿತ್ತು.

ತಾತ ನೀರಾವರಿ ಇಲಾಖೆಯಲ್ಲಿ ತೂಬು ನೋಡಿಕೊಂಡು ನಿವೃತ್ತರಾದವರು. ಒಂದು ವಾರ ಮುಂಚೆ ಅವರ ಮನೆ ಜಗಲಿಗೆ ಹೋಗಿ ಕೂತೆ. ‘ನಾನೇನ್ ಓದಿರೋನಾ ಮೇಡಂ, ಮಕ್ಕಳಿಗೆ ಏನ್ ಹೇಳ್ಲಿ’ ಅಂದರು. ಭಾಷಣ ಬೇಡ ತಾತ, ನೀವು ಕೆಲಸಕ್ಕೆ ಹೋಗುವಾಗ ಏನು ಹಿಡಿದುಕೊಂಡು ಹೋಗುತ್ತಿದ್ದಿರೋ ಅದನ್ನೇ ಹಿಡಿದುಕೊಂಡು ಬನ್ನಿ ಅಂದೆ. ಆಮೇಲೆ ಇನ್ನೊಂದು ಮಾತು ಕೇಳಿಕೊಂಡೆ. ಇದು ಈಗ ಬರುವ ಎಲ್ಲ ಅತಿಥಿಗಳಿಗೂ ನಾನು ಹೇಳುವ ಮಾತು. ‘ಚೆನ್ನಾಗಿ ಓದ್ರಪ್ಪ, ನಮ್ ಥರ ಆಗ್ಬೇಡಿ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ನಮ್ಮ ಊರುಗಳಲ್ಲಿ ಕೈಕೆಲಸ ಮಾಡುವ ಯಾರನ್ನೇ ಮಕ್ಕಳ ಮುಂದೆ ನಿಲ್ಲಿಸಿ, ಎರಡನೇ ವಾಕ್ಯಕ್ಕೆ ಇದು ಬಂದೇ ಬರುತ್ತದೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ತಾವು ಪಟ್ಟ ಪಾಡು ಮಕ್ಕಳಿಗೆ ಬೇಡ ಅಂತ ಹೇಳುತ್ತಾರೆ. ಆದರೆ ಎದುರಿಗೆ ಕೂತ ಮಕ್ಕಳಲ್ಲಿ ಅದೇ ಕೆಲಸ ಮಾಡುವವರ ಮಗ ಇರುತ್ತಾನೆ, ಮೊಮ್ಮಗಳು ಇರುತ್ತಾಳೆ. ತಮ್ಮ ಅಪ್ಪನಂತೆ ಆಗಬಾರದು ಅನ್ನುವುದನ್ನು ಶಾಲೆಗೆ ಕರೆಸಿ ಕೇಳಿಸಿದ ಹಾಗಾಗುತ್ತದೆ. ಓದು ಅಂತ ಹೇಳುವುದಕ್ಕೆ ನಾವು ಮೇಷ್ಟ್ರುಗಳು ದಿನಾ ಇದ್ದೇವಲ್ಲ.

ತಾತ ಸನಿಕೆ ಹೊತ್ತುಕೊಂಡು ಬಂದರು. ಹೆಗಲ ಮೇಲೆ ಟವೆಲ್. ಮಾತಿಗಿಂತ ಮೊದಲು ಕೈ ತೊಳೆಯುವ ನಲ್ಲಿಯ ಹತ್ತಿರ ನೆಲ ನೋಡಿದರು. ಅಲ್ಲಿಂದ ಕೈತೋಟದ ನುಗ್ಗೆ ಗಿಡದವರೆಗೆ ಒಂದು ಗೆರೆ ಹಾಗೆ ಕಾಲುವೆ ತೆಗೆದರು. ಅದರ ಪಕ್ಕಕ್ಕೆ ನಾಲ್ಕು ಸಣ್ಣ ಮಡಿ. ಪ್ರತಿ ಮಡಿಯ ಬಾಯಿಗೆ ಒಂದೊಂದು ಹೆಂಚಿನ ಚೂರು, ಅದೇ ತೂಬು. ಮಕ್ಕಳನ್ನು ನಾಲ್ಕು ಗುಂಪು ಮಾಡಿ ‘ಇದು ನಿಮ್ಮ ಗದ್ದೆ, ಇದು ನಿಮ್ದು’ ಅಂತ ಹಂಚಿ, ನಲ್ಲಿ ತಿರುಗಿಸಲು ಒಬ್ಬಳನ್ನು ನಿಲ್ಲಿಸಿದರು. ‘ಕಟ್ಟೆ ತುಂಬೈತೆ, ನೀರು ಬಿಡವ್ವ’ ಅಂದರು.

ಮೊದಲ ಮಡಿಯ ಹುಡುಗರು ಹೆಂಚು ತೆಗೆದವರು ಮತ್ತೆ ಮುಚ್ಚಲೇ ಇಲ್ಲ. ಅವರ ಗದ್ದೆ ತುಂಬಿ ಬದು ಒಡೆಯಿತು. ಎರಡನೆಯವರಿಗೆ ಸಾಕಷ್ಟು ಸಿಕ್ಕಿತು. ಮೂರನೆಯವರಿಗೆ ಕೆಸರು. ನಾಲ್ಕನೇ ಮಡಿ ಹಾಗೇ ಒಣಗಿ ನಿಂತಿತ್ತು. ಆ ಗುಂಪಿನಲ್ಲಿ ಇದ್ದ ಐದನೇ ತರಗತಿ ಹುಡುಗಿಯ ಮನೆಯ ಜಮೀನೂ ನಾಲೆಯ ಕೊನೇ ಭಾಗದಲ್ಲೇ ಇದೆ. ‘ನಮ್ಮಪ್ಪನೂ ಹಿಂಗೇ ಜಗಳ ಆಡ್ತದೆ ತಾತ, ನೀವ್ಯಾಕೆ ಮೇಲಿನೋರ ತೂಬು ಮುಚ್ತಿರ್ಲಿಲ್ಲ’ ಅಂತ ಕೇಳಿಯೇಬಿಟ್ಟಳು. ಮೊದಲ ಮಡಿಯ ಗುಂಪಿನಲ್ಲಿ ಮೇಲಿನವರ ಮಗನೂ ಇದ್ದ. ನನಗೆ ಸ್ವಲ್ಪ ದಿಗಿಲೇ ಆಯಿತು.

ತಾತ ನಕ್ಕರು. ರಾತ್ರಿ ಹನ್ನೆರಡಕ್ಕೆ ಬ್ಯಾಟರಿ ಹಿಡಿದು ಹೋಗಿ ಮುಚ್ಚಿ ಬಂದರೆ, ಇವರು ಮನೆ ಸೇರುವಷ್ಟರಲ್ಲಿ ಯಾರೋ ಎತ್ತಿರುತ್ತಿದ್ದರಂತೆ. ನೀರು ಕಡಿಮೆ ಇದ್ದ ವರ್ಷ ಕಟ್ಟು ಪದ್ಧತಿ ಮಾಡುವುದು ಅದಕ್ಕೇ ಅಂದರು. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಹೇಳಿದ್ದನ್ನು ಅಲ್ಲೇ ಮಾಡಿ ತೋರಿಸಿದರು. ಮಕ್ಕಳೇ ಕೂತು ಕಟ್ಟು ಹಾಕಿಕೊಂಡರು. ಒಬ್ಬೊಬ್ಬರ ಮಡಿಗೂ ನೂರು ಎಣಿಸುವಷ್ಟು ಹೊತ್ತು ನೀರು, ಕೊನೇ ಮಡಿಯಿಂದ ಶುರು. ಎಣಿಸುವಾಗ ಮೋಸ ಮಾಡಿದವರನ್ನು ಹಿಡಿಯಲು ಇನ್ನೊಂದು ಗುಂಪಿನ ಒಬ್ಬ ಕಾವಲು. ಅವತ್ತಿನ ಗಣಿತ, ಪರಿಸರ, ಸಮಾಜ ಎಲ್ಲ ಅಲ್ಲೇ ಮುಗಿಯಿತು. ಆ ಕಾಲುವೆಯನ್ನು ನಾವು ಮುಚ್ಚಲಿಲ್ಲ. ಊಟದ ಹೊತ್ತಿನ ಕೈ ತೊಳೆದ ನೀರು ಈಗಲೂ ಅದರಲ್ಲೇ ಬಸಳೆ, ಪಪ್ಪಾಯಿ ಗಿಡಗಳಿಗೆ ಹೋಗುತ್ತದೆ.

ಅತಿಥಿ ಬರುವ ಮುಂಚೆ ಮಕ್ಕಳಿಗೆ ಪ್ರಶ್ನೆ ಬರೆಸಿ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಬರೆಸಿದರೆ ಸಾಮಾನ್ಯವಾಗಿ ಮೂರೇ ಬರುತ್ತವೆ: ನಿಮ್ಮ ಹೆಸರೇನು, ನಿಮ್ಮ ಊರು ಯಾವುದು, ನೀವು ಎಷ್ಟು ಓದಿದ್ದೀರಿ. ಆ ಮೂರನೆಯದು ಶಾಲೆ ಮೆಟ್ಟಿಲು ಹತ್ತದವರಿಗೆ ಎಷ್ಟು ಮುಜುಗರ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ಅದಕ್ಕೆ ನಾವು ಮಾಡುವುದು ಇಷ್ಟು. ಅತಿಥಿ ಮೊದಲು ಕೆಲಸ ಮಾಡಿ ತೋರಿಸುತ್ತಾರೆ. ಆಮೇಲೆ ಮಕ್ಕಳಿಗೆ ಐದು ನಿಮಿಷ ಇಬ್ಬಿಬ್ಬರೇ ಗುಸುಗುಸು ಮಾತಾಡಲು ಬಿಡುತ್ತೇವೆ. ಆಗ ಹುಟ್ಟುವ ಪ್ರಶ್ನೆಗಳೇ ಬೇರೆ. ಒಟ್ಟು ಒಂದು ಪೀರಿಯಡ್, ನಲವತ್ತು ನಿಮಿಷ. ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳಿಗೆ ಬೇರೆಯಾಗಿ, ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಆದರೆ ಪುಟ್ಟವು ಅತಿಥಿಯ ಚಪ್ಪಲಿ ಹಾಕಿಕೊಂಡು ಓಡಾಡಲು ಶುರು ಮಾಡುತ್ತವೆ.

ನಮ್ಮ ಅಕ್ಷರ ದಾಸೋಹದ ಅಡುಗೆಯವರನ್ನೂ ಹೀಗೇ ಕರೆದೆವು. ದಿನಾ ಶಾಲೆಯಲ್ಲೇ ಇರುವವರನ್ನು ಅತಿಥಿ ಅಂತ ಕೂರಿಸಿದ್ದು ಮಕ್ಕಳಿಗೆ ಮೊದಲು ತಮಾಷೆ ಅನ್ನಿಸಿತು. ಒಂದರಿಂದ ಐದನೇ ತರಗತಿ ಮಕ್ಕಳಿಗೆ ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರು, ಏಳನೇ ತರಗತಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಇದು ಸರ್ಕಾರದ ಲೆಕ್ಕ. ಕೆಳಗಿನ ತರಗತಿಗಳಲ್ಲಿ ಅರವತ್ತು, ಮೇಲೆ ಮೂವತ್ತು ಮಕ್ಕಳು ಬಂದಿದ್ದರೆ ಎಷ್ಟು ಅಂತ ಅಡುಗೆಯಕ್ಕ ಕೇಳಿದರು. ಏಳನೇ ತರಗತಿಯವರು ಪೆನ್ಸಿಲ್ ಹುಡುಕುತ್ತಿರುವಾಗಲೇ ‘ಹತ್ತೂವರೆ ಕೆಜಿ ಅಕ್ಕಿ, ಎರಡು ಕೆಜಿ ನೂರು ಗ್ರಾಂ ಬೇಳೆ’ ಅಂತ ಅವರೇ ಹೇಳಿಬಿಟ್ಟರು. ಅವರು ಓದಿದ್ದು ಎಷ್ಟು ಅಂತ ಯಾರೂ ಕೇಳಲಿಲ್ಲ. ಆಮೇಲೆ ತಟ್ಟೆಯಲ್ಲಿ ಅನ್ನ ಬಿಡುವುದು ಕಡಿಮೆಯಾಯಿತೇ ಅಂದರೆ, ಒಂದೆರಡು ವಾರ ಆಯಿತು. ಮತ್ತೆ ಯಥಾಪ್ರಕಾರ.

ಅಂಚೆಯಣ್ಣ ಬಂದಾಗ ಐವತ್ತು ಪೈಸೆಯ ಕಾರ್ಡ್ ತಂದಿದ್ದರು. ಮಕ್ಕಳು ತಮ್ಮ ಮನೆಗೇ ಕಾಗದ ಬರೆದರು. 571ರಿಂದ ಶುರುವಾಗುವ ಪಿನ್ ಕೋಡ್ ಯಾಕೆ ಬೇಕು ಅಂತ ಅವರು ವಿವರಿಸಿದ್ದು ಎಷ್ಟು ಮಕ್ಕಳಿಗೆ ನೆನಪಿದೆಯೋ, ತಮ್ಮ ಹೆಸರಿನ ಕಾರ್ಡ್ ಮನೆ ಬಾಗಿಲಿಗೆ ಬಂದದ್ದು ಎಲ್ಲರಿಗೂ ನೆನಪಿದೆ.

ಆಲೆಮನೆಯವರನ್ನು ಶಾಲೆಗೆ ಕರೆಯುವುದಕ್ಕಿಂತ ನಾವೇ ಅಲ್ಲಿಗೆ ಹೋಗುವುದು ಸರಿ. ಆದರೆ ಕುದಿಯುವ ಕೊಪ್ಪರಿಗೆ, ತಿರುಗುವ ಗಾಣ ಎರಡೂ ಇರುವ ಜಾಗ ಅದು. ಮುಂಚಿನ ದಿನವೇ ಹೋಗಿ, ಮಕ್ಕಳು ಎಲ್ಲಿವರೆಗೆ ಬರಬಹುದು ಅಂತ ಹಗ್ಗ ಕಟ್ಟಿಸಿ ಬರುತ್ತೇನೆ. ಪೋಷಕರ ಸಹಿ ಇಲ್ಲದೆ ಒಂದು ಮಗುವನ್ನೂ ಕರೆದುಕೊಂಡು ಹೋಗುವುದಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು ನೂರು ಕೆಜಿ ಬೆಲ್ಲ ಅಂತ ಕೇಳಿದಾಗ ‘ಉಳಿದ ಒಂಬೈನೂರು ಎಲ್ಲೋಯ್ತು’ ಅಂತ ನಾಲ್ಕನೇ ತರಗತಿಯವನೊಬ್ಬ ಕೇಳಿದ. ಆಲೆಮನೆ ಅಣ್ಣ ಒಂದು ಕಡೆ ಸಿಪ್ಪೆ ರಾಶಿ, ಇನ್ನೊಂದು ಕಡೆ ಹಬೆ ತೋರಿಸಿದರು. ನಾನು ಬೋರ್ಡಿನ ಮೇಲೆ ಇದನ್ನು ಅಷ್ಟು ಬೇಗ ಹೇಳಿಕೊಡಲಾರೆ.

ಇನ್ನು ಪೋಷಕರು ಬರುವ ಕಾರ್ಯಕ್ರಮಗಳ ವಿಚಾರ. ‘ನಮ್ಮ ಪೋಷಕರು ಕರೆದರೂ ಬರಲ್ಲ’ ಅಂತ ಎಷ್ಟೋ ಶಾಲೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಕರೆದ ದಿನ ಯಾವುದು ಅಂತ ಮೊದಲು ನೋಡಬೇಕು. ನಾಟಿ ಸಮಯದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಭತ್ತದ ಕೊಯ್ಲಿನಲ್ಲೂ ಅಷ್ಟೇ. ಪಕ್ಷದ ಹಬ್ಬದ ವಾರವೂ ಬೇಡ, ಹೊಸತೊಡಕಿನ ಮಾರನೇ ದಿನವಂತೂ ಬೇಡವೇ ಬೇಡ. ನಮ್ಮ ಕಡೆ ಸೋಮವಾರ ಎತ್ತುಗಳಿಗೆ ಬಿಡುವು, ಅವತ್ತು ಆರು, ಅಂದರೆ ನೇಗಿಲು, ಕಟ್ಟುವುದಿಲ್ಲ. ಈಗ ಟ್ರ್ಯಾಕ್ಟರ್ ಬಂದರೂ ಹಿರಿಯರ ಮನೆಗಳಲ್ಲಿ ಆ ರೂಢಿ ಉಳಿದಿದೆ. ಅದಕ್ಕೆ ನಮ್ಮ ಕಾರ್ಯಕ್ರಮಗಳು ಸೋಮವಾರ, ಮಧ್ಯಾಹ್ನ ಮೂರಕ್ಕೆ. ಐದರೊಳಗೆ ಮುಗಿಸಲೇಬೇಕು, ಯಾಕೆಂದರೆ ಆಮೇಲೆ ಹಾಲು ಕರೆಯುವ ಹೊತ್ತು.

ತಿಳಿಸುವುದಕ್ಕೂ ಹಾಲೇ ದಾರಿ. ಮಕ್ಕಳ ಕೈಲಿ ಕಳಿಸಿದ ಚೀಟಿ ಬ್ಯಾಗಿನಲ್ಲೇ ಉಳಿಯುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಮನೆಯಲ್ಲಿ ಫೋನ್ ಇರುವ ಗಂಡಸರಿಗೆ ಗೊತ್ತಾಗುತ್ತದೆ, ಹೆಂಗಸರಿಗೆ ಇಲ್ಲ. ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಕ್ಯಾನ್ ಹಿಡಿದು ಸಾಲಲ್ಲಿ ನಿಲ್ಲುವವರಲ್ಲಿ ಹೆಂಗಸರೇ ಜಾಸ್ತಿ. ಡೈರಿ ಕಾರ್ಯದರ್ಶಿಗೆ ಹೇಳಿ ಅಲ್ಲೇ ಒಂದು ಬೋರ್ಡ್ ಹಾಕಿಸಿದೆ. ಓದಲು ಬಾರದವರಿಗೆ ಹಾಲು ಅಳೆಯುವ ಹುಡುಗ ಬಾಯಲ್ಲೇ ಹೇಳುತ್ತಾನೆ. ಅಂದಿನಿಂದ ಅಮ್ಮಂದಿರು ಬರುವುದು ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ.

ವರ್ಷಕ್ಕೊಮ್ಮೆ ಮಕ್ಕಳ ಸಂತೆ ಮಾಡುತ್ತೇವೆ. ಮನೆಯಲ್ಲಿ ಬೆಳೆದ ಸೊಪ್ಪು, ಬದನೆ, ತೆಂಗಿನಕಾಯಿ, ಅಮ್ಮ ಮಾಡಿದ ಚಕ್ಕುಲಿ. ಕಟ್ಟುನಿಟ್ಟು ಎರಡೇ. ಚಿಲ್ಲರೆ ‘ನೀನೇ ಇಟ್ಕೊ’ ಅಂತ ಯಾರೂ ಹೇಳಬಾರದು. ಮಗು ಲೆಕ್ಕ ಮಾಡುವಾಗ ಹಿಂದೆ ನಿಂತು ಅಪ್ಪ ಅಮ್ಮ ಬಾಯಿ ಹಾಕಬಾರದು. ಇದಕ್ಕೆ ಮೊದಲೇ ಅಂಗಡಿಯಿಂದ ಒಂದು ಮೂಟೆ ಚಿಲ್ಲರೆ ತಂದಿಡಬೇಕು, ಇಲ್ಲದಿದ್ದರೆ ಸಂತೆ ಅರ್ಧ ಗಂಟೆಗೆ ನಿಂತುಹೋಗುತ್ತದೆ. ಒಬ್ಬರು ಕೊತ್ತಂಬರಿ ಸೊಪ್ಪು ತಗೊಂಡು ‘ಫೋನ್ ಪೇ ಇಲ್ವೇನೋ’ ಅಂದರು. ಮೂರನೇ ತರಗತಿಯವನು ‘ನಮ್ ಅಂಗಡೀಲಿ ಕಾಸು ಮಾತ್ರ’ ಅಂದ. ಒಬ್ಬ ಅಜ್ಜಿಯಂತೂ ಸ್ವಂತ ಮೊಮ್ಮಗನ ಹತ್ತಿರವೇ ಚೌಕಾಸಿ ಮಾಡಿ ಎರಡು ರೂಪಾಯಿ ಇಳಿಸಿಕೊಂಡು ಹೋದರು. ತಕ್ಕಡಿಯಲ್ಲಿ ಕಾಲು ಕೆಜಿ ಬಟ್ಟು ಇಲ್ಲದಾಗ ಅರ್ಧ ಕೆಜಿ ತೂಗಿ ಎರಡು ಪಾಲು ಮಾಡಿದ ಹುಡುಗಿಯನ್ನು ನೋಡಿದರೆ, ಭಿನ್ನರಾಶಿ ಪಾಠಕ್ಕೆ ನಾನು ಯಾಕೆ ಅಷ್ಟು ಒದ್ದಾಡುತ್ತೇನೆ ಅನ್ನಿಸುತ್ತದೆ.

ಖರ್ಚು ದೊಡ್ಡದೇನಲ್ಲ. ಅತಿಥಿಗಳಿಗೆ ಟೀ ಬಿಸ್ಕತ್ತು, ಮಕ್ಕಳೇ ಬರೆದ ಒಂದು ಚಿತ್ರ. ಶಾಲು ಕೊಡುವುದಿಲ್ಲ. ಆದರೂ ಪ್ರತಿಯೊಂದನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೊದಲೇ ಹೇಳಿ ನಡಾವಳಿಯಲ್ಲಿ ಬರೆಸುತ್ತೇವೆ. ಯಾರನ್ನು ಕರೆದರು, ಯಾರನ್ನು ಬಿಟ್ಟರು ಅನ್ನುವುದು ಹಳ್ಳಿಯಲ್ಲಿ ಸಣ್ಣ ವಿಷಯವಲ್ಲ. ಒಂದೇ ಬೀದಿಯವರು, ಒಂದೇ ಜಾತಿಯವರು ಸಾಲಾಗಿ ಬರದ ಹಾಗೆ ಪಟ್ಟಿ ಮಾಡುವಾಗಲೇ ನೋಡಿಕೊಳ್ಳುತ್ತೇನೆ. ಸೋಬಾನೆ ಹಾಡುವ ಅಜ್ಜಿಯಂದಿರನ್ನು ಕರೆದಾಗಲೂ ಎರಡೂ ಕೇರಿಯಿಂದ ಕರೆದೆವು. ಎರಡೂ ಕಡೆಯವರು ಒಂದೇ ಚಾಪೆ ಮೇಲೆ ಕೂತು ‘ನಿಮ್ದು ಬೇರೆ ರಾಗ, ನಮ್ದು ಬೇರೆ’ ಅಂತ ವಾದಕ್ಕೆ ಇಳಿದರು. ಮಕ್ಕಳು ಎರಡನ್ನೂ ಕಲಿತರು.

ಹೊರಗಿನಿಂದ ಬ್ಯಾಗು, ಪುಸ್ತಕ ಕೊಡಲು ಬರುವವರೂ ಇದ್ದಾರೆ. ಅವರಿಗೆ ಋಣಿ. ಆದರೆ ಒಂದೊಂದೇ ಮಗುವನ್ನು ನಿಲ್ಲಿಸಿ, ಕೈ ಚಾಚಿಸಿ ಫೋಟೋ ತೆಗೆಯಲು ನಾನು ಬಿಡುವುದಿಲ್ಲ. ತರಗತಿಗೆ ಒಟ್ಟಾಗಿ ಕೊಡಿ, ಬೇಕಿದ್ದರೆ ಎಲ್ಲರ ಜೊತೆ ಒಂದು ಫೋಟೋ ತಗೊಳ್ಳಿ ಅನ್ನುತ್ತೇನೆ. ಕೆಲವರು ಮುಖ ಗಂಟಿಕ್ಕಿದ್ದೂ ಉಂಟು. ಹಾಗೇ ಅತಿಥಿ ಯಾರೇ ಆಗಿರಲಿ, ಎಷ್ಟೇ ಪರಿಚಯದವರಿರಲಿ, ತರಗತಿಯಲ್ಲಿ ಒಬ್ಬ ಶಿಕ್ಷಕರು ಇದ್ದೇ ಇರುತ್ತಾರೆ. ಇದರಲ್ಲಿ ದಾಕ್ಷಿಣ್ಯ ಇಲ್ಲ.

ಈಗ ಇದಕ್ಕೆಲ್ಲ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾರಿಗೆ ಯಾವ ಕೆಲಸ ಬರುತ್ತದೆ, ಯಾವ ತಿಂಗಳು ಬಿಡುವಾಗಿರುತ್ತಾರೆ, ಯಾರಿಗೆ ಪುಟ್ಟ ಮಕ್ಕಳ ಜೊತೆ ಒಗ್ಗುತ್ತದೆ, ಯಾರನ್ನು ದೊಡ್ಡ ಮಕ್ಕಳಿಗೇ ಕರೆಯಬೇಕು, ಎಲ್ಲ ಅದರಲ್ಲಿದೆ. ನಾವು ವರ್ಗಾವಣೆ ಆಗಿ ಹೋಗುವವರು. ಮುಂದೆ ಬರುವ ಶಿಕ್ಷಕರು ಮತ್ತೆ ಮೊದಲಿನಿಂದ ಜಗಲಿ ಜಗಲಿ ಸುತ್ತಬೇಕಾಗಿಲ್ಲ. ಈ ಸಲದ ಪಟ್ಟಿಯಲ್ಲಿ ಟೈಲರ್ ಅಕ್ಕ, ಕುರಿ ಸಾಕುವ ಅಣ್ಣ, ಆಶಾ ಕಾರ್ಯಕರ್ತೆ ಇದ್ದಾರೆ. ಕುರಿ ಅಣ್ಣ ಮರಿಯನ್ನೂ ಕರೆತರುತ್ತೇನೆ ಅಂದಿದ್ದಾರೆ, ಅವತ್ತು ಕೈತೋಟಕ್ಕೆ ಬೇಲಿ ಹಾಕಿಸಬೇಕು.